ಎಲ್ ಅಲಮೀನಿನಿಂದ ಬ್ರಹ್ಮಗಿರಿಗೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ದೇವಸಮುದ್ರದ ಸುತ್ತಣ ಸೀಮೆಯಲ್ಲಿ ಸಂಚರಿಸುವವರ ಕಣ್ಣಿಗೆ ಮೊದಲು ಬೀಳುವುದು ಬಂಡೆಗಳೇ. ಮಳೆ ಅಪರೂಪವಾದ ಈ ಬಯಲುಸೀಮೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ಹೆಬ್ಬಂಡೆಗಳನ್ನು ಹೊತ್ತು ನಿಂತಿದೆ ಬ್ರಹ್ಮಗಿರಿ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಕಂಡುಹಿಡಿದಂದಿನಿಂದ ಈ ಬೆಟ್ಟದ ಹೆಸರು ವಿದ್ವಾಂಸರ ಲೋಕದಲ್ಲಿ ಪ್ರಸಿದ್ಧವಾಯಿತು.

1947ರಲ್ಲಿ ಈ ಬೆಟ್ಟದ ತಪ್ಪಲಲ್ಲಿ ಡೇರೆಗಳೆದ್ದವು, ಹಗ್ಗ ಹಿಡಿದು ನೆಲವನ್ನು ಅಳೆಯಲಾಯಿತು, ಗುದ್ದಲಿಗಳು ಏರಿಳಿದವು. ಆ ಕೆಲಸದ ಮೇಲ್ವಿಚಾರಣೆ ನಡೆಸಿದವರು ಮೀಸೆ ಹೊತ್ತ, ಮಿಲಿಟರಿ ಶಿಸ್ತಿನ ಒಬ್ಬ ಬ್ರಿಟಿಷ್ ಬ್ರಿಗೇಡಿಯರ್. ಅವರ ಹೆಸರು ಮಾರ್ಟಿಮರ್ ವೀಲರ್. ಅದಕ್ಕೆ ಐದು ವರ್ಷ ಹಿಂದೆ, 1942ರ ಅಕ್ಟೋಬರಿನಲ್ಲಿ, ಅವರು ಈಜಿಪ್ಟಿನ ಮರಳುಗಾಡಿನಲ್ಲಿದ್ದರು. ಎರಡನೆಯ ಮಹಾಯುದ್ಧದ ಗತಿಯನ್ನೇ ತಿರುಗಿಸಿದ ಕಾಳಗವೊಂದು ಅಲ್ಲಿ ನಡೆದಿತ್ತು.

ಎರಡು ಮಹಾಯುದ್ಧಗಳ ಯೋಧ

ವೀಲರ್ ಹುಟ್ಟಿದ್ದು 1890ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿ 1917ರ ಪ್ಯಾಶೆಂಡೇಲ್ ಕದನದ ಕೆಸರನ್ನು ಕಂಡರು. 1918ರಲ್ಲಿ ಶೌರ್ಯಕ್ಕಾಗಿ ‘ಮಿಲಿಟರಿ ಕ್ರಾಸ್’ ಪದಕ ಪಡೆದರು. ಯುದ್ಧ ಮುಗಿದ ಮೇಲೆ ಪ್ರಾಚ್ಯವಸ್ತು ಸಂಶೋಧನೆಗೆ ಮರಳಿ, ಇಂಗ್ಲೆಂಡಿನ ‘ಮೇಡನ್ ಕ್ಯಾಸಲ್’ ಎಂಬ ಪುರಾತನ ಕೋಟೆಯನ್ನು ಅಗೆದು ಕೀರ್ತಿ ಗಳಿಸಿದರು. ಅಲ್ಲಿ ದೊರೆತ ಅಸ್ಥಿಪಂಜರವೊಂದರ ಬೆನ್ನುಮೂಳೆಯಲ್ಲಿ ಕಬ್ಬಿಣದ ಬಾಣದ ಮೊನೆ ನಾಟಿಕೊಂಡೇ ಇತ್ತು. ಎರಡು ಸಾವಿರ ವರ್ಷ ಕಳೆದರೂ ಮಣ್ಣು ಆ ಸಾವಿನ ಸಾಕ್ಷ್ಯವನ್ನು ಕಾಪಾಡಿತ್ತು.

1939ರಲ್ಲಿ ಮತ್ತೆ ರಣಭೇರಿ ಮೊಳಗಿದಾಗ ವೀಲರರ ವಯಸ್ಸು ಐವತ್ತರ ಸಮೀಪ. ಆದರೂ ಗುದ್ದಲಿಯನ್ನು ಕೆಳಗಿಟ್ಟು, ವಿಮಾನವಿರೋಧಿ ಫಿರಂಗಿದಳವೊಂದನ್ನು ಕಟ್ಟಿ, ಅದರೊಡನೆ ಉತ್ತರ ಆಫ್ರಿಕಕ್ಕೆ ತೆರಳಿ, ಬ್ರಿಟಿಷರ ಎಂಟನೆಯ ಸೈನ್ಯವನ್ನು ಸೇರಿದರು.

ಮರಳುಗಾಡಿನ ತಿರುವು

1942ರ ಬೇಸಗೆ ಮಿತ್ರರಾಷ್ಟ್ರಗಳ ಪಾಲಿಗೆ ಕಡುಕಷ್ಟದ ಕಾಲ. ಜೂನ್ 21ರಂದು ತೊಬ್ರುಕ್ ಕೋಟೆ ಜರ್ಮನ್ ಸೇನಾನಿ ರೊಮೆಲ್‌ನ ವಶವಾಯಿತು. ಸೆರೆ ಸಿಕ್ಕ ಸುಮಾರು 33,000 ಮಂದಿಯಲ್ಲಿ ಭಾರತೀಯ ಯೋಧರೂ ಇದ್ದರು. ಅಲೆಕ್ಸಾಂಡ್ರಿಯ ನಗರಕ್ಕೆ ಕೇವಲ ನೂರು ಕಿಲೋಮೀಟರ್ ದೂರದ ಎಲ್ ಅಲಮೀನಿನವರೆಗೆ ರೊಮೆಲ್ ಮುನ್ನುಗ್ಗಿದ. ಅದನ್ನು ದಾಟಿದನೆಂದರೆ ಮುಂದೆ ಸೂಯೆಜ್ ಕಾಲುವೆ. ಕಾಲುವೆ ಹೋದರೆ ಬ್ರಿಟನ್ನಿನಿಂದ ಭಾರತಕ್ಕೆ ಬರುವ ಹತ್ತಿರದ ಜಲಮಾರ್ಗವೇ ಹೋದಂತೆ.

ಎಲ್ ಅಲಮೀನಿನ ನೆಲದಲ್ಲಿ ಒಂದು ವಿಶೇಷವಿತ್ತು. ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ವಾಹನಗಳು ದಾಟಲಾರದ ಕತ್ತಾರ ತಗ್ಗು. ಮರಳುಗಾಡಿನ ಇತರ ಕಡೆ ಮಾಡಿದಂತೆ ಶತ್ರುವಿನ ಪಕ್ಕವನ್ನು ಬಳಸಿ ಹೋಗುವ ಉಪಾಯ ಇಲ್ಲಿ ಸಾಗದು. ಎದುರೆದುರು ಕಾದಾಡಿಯೇ ದಾರಿ ಬಿಡಿಸಿಕೊಳ್ಳಬೇಕು.

ಅಕ್ಟೋಬರ್ 23ರ ಬೆಳುದಿಂಗಳ ರಾತ್ರಿ ಸೇನಾನಿ ಮಾಂಟ್ಗೊಮರಿಯ ಆಜ್ಞೆಯಂತೆ ಎಂಟುನೂರಕ್ಕೂ ಹೆಚ್ಚು ಫಿರಂಗಿಗಳು ಒಮ್ಮೆಗೇ ಬೆಂಕಿಯುಗುಳಿದವು. ಆಗ ರೊಮೆಲ್ ಅಸ್ವಸ್ಥನಾಗಿ ಜರ್ಮನಿಯಲ್ಲಿದ್ದ; ಅವನ ಸ್ಥಾನದಲ್ಲಿದ್ದ ಸ್ಟೂಮ್ ಮರುದಿನವೇ ಹೃದಯಾಘಾತದಿಂದ ತೀರಿಕೊಂಡ. ಹನ್ನೆರಡು ದಿನಗಳ ಘೋರ ಕದನದ ಅನಂತರ ನವೆಂಬರ್ 4ರಂದು ಜರ್ಮನ್–ಇಟಾಲಿಯನ್ ಸೈನ್ಯ ಹಿಮ್ಮೆಟ್ಟಿತು. ಗೆದ್ದ ಪಕ್ಷದಲ್ಲೂ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 13,500 ಮಂದಿ. ಅದೇ ತಿಂಗಳಲ್ಲಿ ರಷ್ಯನ್ನರು ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನ್ ಸೈನ್ಯವನ್ನು ಸುತ್ತುಗಟ್ಟಿದರು. ಹಿಟ್ಲರನ ಗೆಲುವಿನ ರಥ ಅಲ್ಲಿಂದ ಮುಂದೆ ಹಿಂದಕ್ಕೆ ಉರುಳತೊಡಗಿತು.

ಹಾಳೂರುಗಳ ಕಾವಲು

1943ರ ಜನವರಿ 23ರಂದು ಎಂಟನೆಯ ಸೈನ್ಯ ಟ್ರಿಪೋಲಿಯನ್ನು ಹೊಕ್ಕಿತು. ಆ ಕರಾವಳಿಯಲ್ಲೇ ರೋಮನರ ಕಾಲದ ಲೆಪ್ಟಿಸ್ ಮಾಗ್ನ, ಸಬ್ರಾಥ ನಗರಗಳ ಅವಶೇಷಗಳಿವೆ. ಬಾಂಬುಗಳಿಂದ ಪಾರಾದ ಕಂಬಗಳೂ ಶಿಲ್ಪಗಳೂ ಗೆದ್ದ ಸೈನ್ಯದ ವಾಹನ, ಬಿಡಾರಗಳಿಗೆ ಸಿಕ್ಕಿ ನಾಶವಾಗುವ ಭಯವಿತ್ತು. ವೀಲರ್ ಸುಮ್ಮನೆ ಕೂರಲಿಲ್ಲ. ಪ್ರಾಚ್ಯವಸ್ತು ತಜ್ಞರೇ ಆಗಿದ್ದ ಇನ್ನೊಬ್ಬ ಫಿರಂಗಿದಳದ ಅಧಿಕಾರಿ ವಾರ್ಡ್-ಪರ್ಕಿನ್ಸರೊಡನೆ ಕೂಡಿ, ಆ ಹಾಳೂರುಗಳ ರಕ್ಷಣೆಗೆ ವ್ಯವಸ್ಥೆ ಮಾಡಿಸಿದರು. ಯುದ್ಧದ ನಡುವೆಯೇ ಯುದ್ಧದಿಂದ ಒಂದು ನಗರವನ್ನು ಕಾಪಾಡುವ ಕಾರ್ಯ ಅದು.

ಅದೇ ವರ್ಷ, ಭಾರತದ ವೈಸರಾಯ್ ಹುದ್ದೆಗೆ ನೇಮಕಗೊಂಡಿದ್ದ ವೇವೆಲ್ ಅವರಿಂದ, ಪ್ರಾಚ್ಯವಸ್ತು ಇಲಾಖೆಯ ಮಹಾನಿರ್ದೇಶಕರಾಗಿ ಬರಬೇಕೆಂಬ ಕರೆ ಬಂದಿತು. ವೀಲರ್ ಒಪ್ಪಿದರು, ಆದರೆ ಸೆಪ್ಟೆಂಬರ್ 9ರಂದು ಇಟಲಿಯ ಸಾಲೆರ್ನೊ ದಡದಲ್ಲಿ ಮಿತ್ರಸೈನ್ಯ ಇಳಿದಾಗ ಅವರೂ ಬ್ರಿಗೇಡಿಯರ್ ಆಗಿ ಜೊತೆಗಿದ್ದರು. 1944ರ ಏಪ್ರಿಲಿನಲ್ಲಿ ಅವರು ಭಾರತದಲ್ಲಿ ಅಧಿಕಾರ ವಹಿಸಿಕೊಂಡಾಗ, ದೇಶದ ಈಶಾನ್ಯದ ಕೊಹಿಮಾದಲ್ಲಿ ಜಪಾನೀಯರೊಡನೆ ಕೈಗೈ ಮಿಲಾಯಿಸಿದ ಕಾಳಗ ನಡೆಯುತ್ತಿತ್ತು.

ಮಣ್ಣಿನ ಪದರಗಳ ಸಾಕ್ಷ್ಯ

ಬ್ರಹ್ಮಗಿರಿಯಲ್ಲಿ ವೀಲರರಿಗಿಂತ ಮೊದಲೇ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಉತ್ಖನನ ನಡೆಸಿ ದಾರಿ ತೋರಿಸಿದ್ದರು. ವೀಲರ್ ತಂದದ್ದು ಪದರಗಳ ಕಟ್ಟುನಿಟ್ಟಾದ ಲೆಕ್ಕ. ನೆಲವನ್ನು ಚೌಕಗಳಾಗಿ ವಿಂಗಡಿಸಿ, ನಡುವೆ ಮಣ್ಣಿನ ಗೋಡೆ ಉಳಿಸಿ, ಪ್ರತಿಯೊಂದು ಬೋಕಿಯೂ ಯಾವ ಪದರದಲ್ಲಿ ಸಿಕ್ಕಿತೆಂಬುದನ್ನು ಅವರು ಬರೆಯಿಸಿದರು. ಅಗೆದಾಗ ತೋರಿದ್ದು ಮೂರು ಕಾಲ: ಎಲ್ಲಕ್ಕೂ ಕೆಳಗೆ ನುಣುಪಾದ ಕಲ್ಲುಕೊಡಲಿಗಳನ್ನು ಬಳಸಿದವರು, ಅವರ ಮೇಲೆ ಕಬ್ಬಿಣವನ್ನು ಬಲ್ಲವರು, ಹಾಸುಬಂಡೆಗಳ ಸಮಾಧಿಗಳನ್ನು ಕಟ್ಟಿದವರು, ಮೇಲುಗಡೆ ಶಾತವಾಹನರ ಕಾಲದವರು.

ಕಾಲ ನಿರ್ಣಯಕ್ಕೆ ನೆರವಾದದ್ದು ಒಂದು ತಟ್ಟೆಯ ಚೂರು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, ಕ್ರಿಸ್ತಶಕ ಒಂದನೆಯ ಶತಮಾನದ ಇಟಲಿಯ ಮಡಕೆಗಳ ಜೊತೆಗೆ, ಒಳಮೈಯಲ್ಲಿ ಚುಕ್ಕೆಗಳ ವರ್ತುಲವುಳ್ಳ ತಟ್ಟೆಗಳು ಅವರಿಗೆ ದೊರೆತಿದ್ದವು. ಅದೇ ಬಗೆಯ ಚೂರುಗಳು ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕವು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಸಿಕ್ಕಿತು. ದಕ್ಷಿಣ ಭಾರತದ ಪ್ರಾಚೀನ ಚರಿತ್ರೆಗೆ ಹೀಗೆ ಒಂದು ಗಟ್ಟಿ ಕೀಲು ದೊರೆಯಿತು. ಕೆಳಗಿನ ಎರಡು ಪದರಗಳಿಗೆ ವೀಲರ್ ಹೇಳಿದ ಕಾಲ ಮಾತ್ರ ನಿಲ್ಲಲಿಲ್ಲ. ಮುಂದೆ ಬಂದ ಇಂಗಾಲದ ಪರೀಕ್ಷೆ ಕರ್ನಾಟಕದ ಆ ಜನರು ಇನ್ನೂ ಎಷ್ಟೋ ಶತಮಾನ ಹಿಂದಿನವರೆಂದು ತೋರಿಸಿತು. ಆದರೆ ಪದರಗಳ ಅನುಕ್ರಮ ಇಂದಿಗೂ ಅಲ್ಲಗಳೆಯಲಾಗದೆ ನಿಂತಿದೆ.

ಎಲ್ ಅಲಮೀನಿನ ತಿರುವಿಗೆ ದಿನಾಂಕವಿದೆ, ಸೇನಾನಿಗಳ ಹೆಸರಿದೆ, ಸತ್ತವರ ಲೆಕ್ಕವಿದೆ. ಬ್ರಹ್ಮಗಿರಿಯ ತಪ್ಪಲಲ್ಲಿ ಕಲ್ಲು ಕಬ್ಬಿಣಕ್ಕೆ ಎಡೆಗೊಟ್ಟ ತಿರುವಿಗೆ ಇವೊಂದೂ ಇಲ್ಲ. ಅದನ್ನು ಓದಲು ಮಣ್ಣೇ ಪುಸ್ತಕ. ಆ ಮಣ್ಣಿನ ಪಕ್ಕದಲ್ಲೇ ಬಂಡೆಯ ಮೇಲೆ, ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಅಶೋಕನ ಆಜ್ಞೆಯಿದೆ. ಕಳಿಂಗ ಯುದ್ಧದ ಪಶ್ಚಾತ್ತಾಪವನ್ನು ಬೇರೆಡೆಯ ಶಾಸನದಲ್ಲಿ ತೋಡಿಕೊಂಡ ಆ ಅರಸ ಇಲ್ಲಿ ಯಾವ ವಿಜಯವನ್ನೂ ಸಾರಿಲ್ಲ. ತಾಯಿತಂದೆಯರ ಸೇವೆ, ಪ್ರಾಣಿದಯೆ, ಸತ್ಯವಚನ, ಗುರುಭಕ್ತಿ ಇವನ್ನೇ ಬೋಧಿಸಿದ್ದಾನೆ. ಎರಡು ಮಹಾಯುದ್ಧಗಳ ಫಿರಂಗಿಯ ಸದ್ದು ಕೇಳಿ ಬಂದ ಯೋಧ ಗುದ್ದಲಿ ಹಿಡಿದು ನಿಂತದ್ದು ಈ ಬಂಡೆಯ ನೆರಳಿನಲ್ಲೇ.