ಮೂರು, ಆರು, ಹನ್ನೆರಡು

2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ, ಕಿಚ್‌ಗುತ್ ಮಾರಮ್ಮನ ಗುಡಿಯ ಪ್ರಸಾದ ಉಂಡವರು ಒಬ್ಬರ ಹಿಂದೊಬ್ಬರು ಕುಸಿದರು. ನೂರಕ್ಕೂ ಹೆಚ್ಚು ಜನ. ಕೊಳ್ಳೇಗಾಲ ದಾಟಿ ಆಂಬುಲೆನ್ಸ್‌ಗಳು ಮೈಸೂರಿಗೆ ಧಾವಿಸಿದವು. ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಸೇರಿದಂತೆ ಊರಿನ ಹಲವು ಆಸ್ಪತ್ರೆಗಳು ರೋಗಿಗಳನ್ನು ಹಂಚಿಕೊಂಡವು; ಎಷ್ಟೋ ಮಂದಿಗೆ ವೆಂಟಿಲೇಟರ್ ಬೇಕಾಯಿತು. 17 ಜನ ಉಳಿಯಲಿಲ್ಲ. ಬೆರೆತದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಎಂದು ಪ್ರಯೋಗಾಲಯ ಹೇಳಿದ್ದು ಆಮೇಲೆ.

ಕ್ಯಾಶುವಾಲ್ಟಿಯಲ್ಲಿ ಅಲ್ಲಿಯವರೆಗೆ ಕಾಯಲು ಬರುವುದಿಲ್ಲ. ಸೂಜಿಮೊನೆಯಷ್ಟಾದ ಕಣ್ಣಪಾಪೆ, ಸುರಿಯುವ ಜೊಲ್ಲು, ಬೆವರಿ ತೊಯ್ದ ಮೈ, ಗೊರಗುಟ್ಟುವ ಎದೆ ಒಟ್ಟಿಗೆ ಕಂಡರೆ ಅಟ್ರೋಪಿನ್ ಶುರು. ಎಷ್ಟು, ಎಲ್ಲಿಯವರೆಗೆ ಎಂಬುದಕ್ಕೆ ಮಾತ್ರ ಗಟ್ಟಿ ಉತ್ತರ ಸಿಕ್ಕಿದ್ದು ಈಚೆಗೆ.

ಮದ್ದು ಹಳೆಯದು. ನಮ್ಮ ಬೇಲಿಯ ಉಮ್ಮತ್ತಿಯಲ್ಲೂ ಇರುವ ವಿಷವೇ ಅದು. 1864ರಲ್ಲಿ ಪ್ರಾಗ್ ನಗರದಲ್ಲಿ ಕೆಲವು ಕೈದಿಗಳು ಅಟ್ರೋಪಿನ್ ದ್ರಾವಣವನ್ನು ಮದ್ಯವೆಂದು ಕುಡಿದಾಗ ಕ್ಲೈನ್‌ವೆಖ್ಟರ್ ಎಂಬ ವೈದ್ಯ ಆಫ್ರಿಕಾದ ಕ್ಯಾಲಬಾರ್ ಬೀಜದ ಸಾರ ಕೊಟ್ಟು ಚೇತರಿಕೆ ಕಂಡ. ಆ ಬೀಜವೂ ವಿಷವೇ! ಇವೆರಡೂ ಒಂದಕ್ಕೊಂದು ಎದುರಾಳಿ ಎಂಬುದು ಹೀಗೆ ಗೊತ್ತಾಯಿತು. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತ ಟಾಬುನ್ ತಯಾರಿಸಿದ. ಅವನದೇ ಕಣ್ಣಪಾಪೆ ಕಿರಿದಾಗಿ ಉಸಿರು ಕಟ್ಟಿತು. ಆರ್ಗನೋಫಾಸ್ಫೇಟ್ ಎಂಬ ಈ ಗುಂಪಿನ ವಿಷಗಳು ಕ್ಯಾಲಬಾರ್ ಬೀಜದಂತೆಯೇ ನರಗಳ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಹಾಗಾಗಿ ಅಟ್ರೋಪಿನ್ ಇಲ್ಲೂ ಒದಗಿತು.

1955ರಲ್ಲಿ ಅಮೆರಿಕದ ಇರ್ವಿನ್ ವಿಲ್ಸನ್ ಮತ್ತು ಸಾರಾ ಗಿನ್ಸ್‌ಬರ್ಗ್ ಪ್ರಾಲಿಡಾಕ್ಸಿಮ್ ತಂದರು. ವಾರ್ಡಿನ ಮಾತಿನಲ್ಲಿ ‘ಪ್ಯಾಮ್’. ಕಿಣ್ವಕ್ಕೆ ಅಂಟಿದ ವಿಷವನ್ನೇ ಕಿತ್ತುಹಾಕುವ ಮದ್ದು. ಕೇಳಲು ಎಷ್ಟು ಚೆಂದ. ಆದರೆ 1990ರ ದಶಕದಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಪರೀಕ್ಷಿಸಿದಾಗ ಹೆಚ್ಚು ಪ್ಯಾಮ್‌ನಿಂದ ಲಾಭ ಕಾಣಲಿಲ್ಲ. 2006ರಲ್ಲಿ ಬಾರಾಮತಿಯ ಅಧ್ಯಯನ ಉಲ್ಟಾ ಹೇಳಿತು: 200 ರೋಗಿಗಳಲ್ಲಿ ಪ್ಯಾಮನ್ನು ಎಡೆಬಿಡದೆ ಡ್ರಿಪ್‌ನಲ್ಲಿ ಹರಿಸಿದವರ ಪೈಕಿ ಸಾವು ಶೇ 1, ಬಿಟ್ಟು ಬಿಟ್ಟು ಕೊಟ್ಟವರಲ್ಲಿ ಶೇ 8. ಮೂರೇ ವರ್ಷಕ್ಕೆ ಶ್ರೀಲಂಕಾದ ವರದಿ ಬಂತು. 235 ರೋಗಿಗಳು, ಪ್ಯಾಮ್ ಪಡೆದವರಲ್ಲಿ ಸುಮಾರು ಶೇ 25, ಬರೀ ಸಲೈನ್ ಪಡೆದವರಲ್ಲಿ ಶೇ 16 ಸಾವು. ಈ ಅಂತರ ಆಕಸ್ಮಿಕವೂ ಇರಬಹುದು, ಆದರೆ ಲಾಭವಂತೂ ಕಾಣಲಿಲ್ಲ.

ಕಾರಣ ಭಾಗಶಃ ಗಡಿಯಾರದಲ್ಲಿದೆ. ಹೊತ್ತು ಕಳೆದಂತೆ ವಿಷದ ಅಂಟು ಬಿಗಿಯಾಗುತ್ತದೆ. ಆಮೇಲೆ ಪ್ಯಾಮ್‌ಗೆ ಅದು ಬಗ್ಗದು. ಮೊನೊಕ್ರೊಟೊಫಾಸ್‌ನಂಥವುಗಳಲ್ಲಿ ಇದಕ್ಕೆ ಕೆಲವೇ ಗಂಟೆ ಸಾಕು. ಸುಳ್ವಾಡಿಯಿಂದ ಮೈಸೂರಿಗೆ ನೂರು ಕಿಲೋಮೀಟರಿಗೂ ಮಿಗಿಲು ದಾರಿ.

ನನ್ನ ಮಟ್ಟಿಗೆ ಈ ಕತೆಯ ನಿಜವಾದ ಶೋಧ 2012ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್‌ನಿಂದ ಬಂದದ್ದು. ಅಲ್ಲಿ ಹೊಸ ಮದ್ದೇನೂ ಇರಲಿಲ್ಲ, ಅದೇ ಅಟ್ರೋಪಿನ್. 156 ರೋಗಿಗಳಲ್ಲಿ ಒಂದು ಗುಂಪಿಗೆ ವಾಡಿಕೆಯಂತೆ ಅಷ್ಟಷ್ಟೇ ಕೊಟ್ಟರು, ಇನ್ನೊಂದಕ್ಕೆ ಸರಸರನೆ ಏರಿಸಿ ಬಳಿಕ ಡ್ರಿಪ್ ಹಚ್ಚಿದರು. ಸಾವು ಶೇ 22.5ರಿಂದ ಶೇ 8ಕ್ಕೆ ಇಳಿಯಿತು.

ಏರಿಸುವುದೆಂದರೆ ಐದು ನಿಮಿಷಕ್ಕೊಮ್ಮೆ ದುಪ್ಪಟ್ಟು. ನಮ್ಮಲ್ಲಿ ಒಂದು ಆಂಪೂಲ್‌ನಲ್ಲಿ ಸಾಮಾನ್ಯವಾಗಿ ಇರುವುದು 0.6 ಮಿಲಿಗ್ರಾಂ. ಮೊದಲು ಮೂರು ಆಂಪೂಲ್, ಆಮೇಲೆ ಆರು, ಹನ್ನೆರಡು, ಇಪ್ಪತ್ನಾಲ್ಕು. ಕಾಲು ಗಂಟೆಯಲ್ಲಿ 45. ಗಾಜು ಮುರಿದು ಸಿರಿಂಜ್ ತುಂಬುವುದಕ್ಕೇ ಒಬ್ಬರು ಬೇಕು. ಪ್ರತಿ ಸಲವೂ ಎದೆಗೆ ಸ್ಟೆತಸ್ಕೋಪ್, ಕಂಕುಳಿಗೆ ಕೈ: ಗೊರಗೊರ ನಿಂತಿತೇ, ಬೆವರು ಒಣಗಿತೇ, ನಾಡಿ 80 ದಾಟಿತೇ, ಬಿಪಿ 80ರ ಮೇಲಿದೆಯೇ? ಹೌದಾದರೆ ಡ್ರಿಪ್. ಮೈ ಸುಟ್ಟು, ಬಡಬಡಿಕೆ ಶುರುವಾಗಿ, ಹೊಟ್ಟೆಯ ಸದ್ದು ಅಡಗಿದರೆ ಅಟ್ರೋಪಿನ್ ಮಿತಿ ಮೀರಿದೆ ಎಂದರ್ಥ. ಆಗ ಡ್ರಿಪ್ ನಿಲ್ಲಿಸಿ, ಆ ಲಕ್ಷಣ ಇಳಿದ ಮೇಲೆ ಮೊದಲಿಗಿಂತ ನಿಧಾನವಾಗಿ ಮತ್ತೆ ಹಚ್ಚುತ್ತಾರೆ.