ಅಪರಿಚಿತ ಅನ್ನದ ಪರಿಚಯ

ಪರಭಾಷೆಯ ಕಾವ್ಯವನ್ನು ಅರಿಯಬೇಕಾದರೆ ಭಾಷಾಂತರಕಾರನೊಬ್ಬ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಪರನಾಡಿನ ಅನ್ನವನ್ನು ಅರಿಯುವುದಕ್ಕೂ ಅಂಥವನೊಬ್ಬ ಬೇಕೆಂದರೆ ಮಾತ್ರ ನಗುತ್ತಾರೆ. ನಾಲಗೆಯಿದ್ದ ಮೇಲೆ ವ್ಯಾಖ್ಯಾನವೇಕೆ ಎಂಬುದು ಅವರ ವಾದ. ಆದರೆ ಮನುಷ್ಯನ ದೇಹದಲ್ಲಿ ನಾಲಗೆಯಷ್ಟು ಹಟಮಾರಿಯಾದ ಸಂಪ್ರದಾಯವಾದಿ ಬೇರೊಂದಿಲ್ಲ. ಬಾಲ್ಯದಲ್ಲಿ ಕಲಿತುದನ್ನೇ ಅದು ರುಚಿಯೆನ್ನುತ್ತದೆ; ಉಳಿದುದನ್ನೆಲ್ಲ ಅನುಮಾನದಿಂದ ನೋಡುತ್ತದೆ. ಜಪಾನಿನ ಸುಶಿಯನ್ನು ಹೊರನಾಡಿನವರಿಗೆ ತಿಳಿಯಹೇಳುತ್ತ ಬಡಿಸುವ ಊಟಗಳು ಇಂದು ಹಲವು ದೇಶಗಳ ನಗರಗಳಲ್ಲಿ ನಡೆಯುತ್ತಿವೆ. ಈ ಹಟವನ್ನು ಮೆಲ್ಲನೆ ಸಡಿಲಿಸುವ ಉಪಾಯವದು.

ಊಟದ ಕ್ರಮ ಸರಳವಾದುದು. ಉದ್ದನೆಯ ಮರದ ಹಲಗೆಯ ಈಚೆ ಕೆಲವೇ ಮಂದಿ ಅತಿಥಿಗಳು, ಆಚೆ ಬಾಣಸಿಗ. ಆತ ಒಂದೊಂದೇ ತುತ್ತನ್ನು ಕಣ್ಣೆದುರಿಗೇ ಕಟ್ಟಿ ಮುಂದಿಡುತ್ತಾನೆ. ಆಯ್ಕೆಯನ್ನು ಅವನಿಗೇ ಒಪ್ಪಿಸುವ ಈ ಪದ್ಧತಿಯನ್ನು ಜಪಾನಿಯರು ‘ಒಮಾಕಾಸೆ’ ಎನ್ನುತ್ತಾರೆ. ‘ನಿಮಗೇ ಬಿಟ್ಟದ್ದು’ ಎಂದು ಅದರ ಭಾವ. ಮೊದಲಿಗೆ ಸೌಮ್ಯ ರುಚಿಯ ಬಿಳಿಮೀನು, ಆಮೇಲೆ ಕೊಬ್ಬುಳ್ಳದ್ದು, ಕೊನೆಕೊನೆಗೆ ಸಿಹಿರಸ ಸವರಿದ ಹಾವುಮೀನು. ಹಿಂದಿನ ರುಚಿಯನ್ನು ತೊಳೆಯಲೆಂದು ನಡುನಡುವೆ ಹುಳಿಯಲ್ಲಿ ನೆನೆದ ಶುಂಠಿ. ಕೈಯಿಂದ ತಿಂದರೆ ತಪ್ಪಿಲ್ಲ. ಆದರೆ ಒಂದೇ ತುತ್ತಿಗೆ ತಿನ್ನಬೇಕು. ಸೋಯಾ ರಸದಲ್ಲಿ ಮೀನಿನ ಬದಿಯನ್ನು ಅದ್ದಬೇಕು, ಅನ್ನದ ಬದಿಯನ್ನಲ್ಲ. ಅನ್ನವನ್ನು ಅದ್ದಿದರೆ ಅದು ರಸ ಹೀರಿ ಉಪ್ಪಾಗಿ ಉದುರಿಹೋಗುತ್ತದೆ. ಕಾರಣ ತಿಳಿಯದಾಗ ನಿಯಮವು ಕಟ್ಟುಪಾಡಾಗಿ ತೋರುತ್ತದೆ. ತಿಳಿದಾಗ ಅದೇ ರುಚಿಯ ಭಾಗವಾಗುತ್ತದೆ.

ಒಳ್ಳೆಯ ವಿವರಣಕಾರ ಮೀನಿನಿಂದ ತೊಡಗುವುದಿಲ್ಲ, ಅನ್ನದಿಂದ ತೊಡಗುತ್ತಾನೆ. ಸುಶಿಯೆಂದರೆ ಹಸಿಮೀನು ಎಂಬ ನಂಬಿಕೆ ಸರಿಯಲ್ಲ. ಆ ಶಬ್ದದ ಮೂಲಾರ್ಥ ಹುಳಿ ಎಂದು. ಪೂರ್ವಕಾಲದಲ್ಲಿ ಉಪ್ಪು ಹಚ್ಚಿದ ಮೀನನ್ನು ಬೆಂದ ಅನ್ನದಲ್ಲಿ ಒತ್ತಿ ತಿಂಗಳುಗಟ್ಟಲೆ ಇಡುತ್ತಿದ್ದರು. ಹುಳಿತ ಅನ್ನವು ಮೀನನ್ನು ಕೆಡದಂತೆ ಕಾಯುತ್ತಿತ್ತು. ತಿನ್ನುವಾಗ ಆ ಅನ್ನವನ್ನು ತೆಗೆದುಹಾಕುತ್ತಿದ್ದರು. ಶಿಗಾ ಪ್ರಾಂತದ ಬಿವಾ ಸರೋವರದ ಸುತ್ತ ಇಂದಿಗೂ ಮಾಡುವ ‘ಫುನಾಜುಶಿ’ ಈ ಹಳೆಯ ವಿಧಾನದ ಉಳಿಕೆ. 718ರ ಯೋರೋ ಸಂಹಿತೆಯಲ್ಲಿ ಸುಶಿಯು ತೆರಿಗೆಯಾಗಿ ಸಲ್ಲಿಸತಕ್ಕ ವಸ್ತುಗಳ ಸಾಲಿನಲ್ಲಿ ಬರುತ್ತದೆ. ಕಾಲ ಕಳೆದಂತೆ ಜನ ಅನ್ನವನ್ನೂ ತಿನ್ನತೊಡಗಿದರು; ಮುಂದೆ ಕಾಯುವ ತಾಳ್ಮೆ ಇಲ್ಲದೆ ಅನ್ನಕ್ಕೆ ಹುಳಿಯನ್ನೇ ಬೆರೆಸಿದರು. 1820ರ ದಶಕದಲ್ಲಿ ಎದೊ ಪಟ್ಟಣದಲ್ಲಿ, ಎಂದರೆ ಇಂದಿನ ಟೋಕಿಯೊದಲ್ಲಿ, ಹುಳಿಯನ್ನದ ಮೇಲೆ ಮೀನಿಟ್ಟು ಒತ್ತಿಕೊಡುವ ಸುಶಿಯನ್ನು ಹಾನಾಯಾ ಯೊಹೆಯಿ ಎಂಬಾತ ಪ್ರಚಾರಕ್ಕೆ ತಂದನೆಂದು ಹೇಳುವರು. ಅಂದಿಗೆ ಅದು ಬೀದಿಬದಿಯ ಗಾಡಿಗಳ ಅವಸರದ ತಿನಿಸು. ಒಂದೊಂದು ತುತ್ತೂ ಇಂದಿನದಕ್ಕಿಂತ ಬಹಳ ದೊಡ್ಡದು. ಇಂದು ಶ್ರೀಮಂತರ ಊಟವೆಂದು ಹೆದರುವವರಿಗೆ ಈ ಸಂಗತಿಯನ್ನು ಮೊದಲು ಹೇಳಬೇಕು. ಯುದ್ಧಾನಂತರದ ಅಕ್ಕಿಯ ಬರದಲ್ಲಿ, 1947ರ ಸುಮಾರಿಗೆ, ಗಿರಾಕಿಯೇ ಒಂದು ‘ಗೊ’, ಎಂದರೆ ಸುಮಾರು 150 ಗ್ರಾಂ, ಅಕ್ಕಿಯನ್ನು ಒಯ್ದು, ಕೂಲಿ ಕೊಟ್ಟು ಹತ್ತು ಸುಶಿಗಳನ್ನು ಪಡೆಯುವ ಏರ್ಪಾಡಿತ್ತು. ಜೋಳ ಹೊತ್ತು ಗಿರಣಿಗೆ ಹೋದ ನಮ್ಮ ಜನಕ್ಕೆ ಇದು ಹೊಸ ಮಾತೇನಲ್ಲ.

ಇಂಥ ಒಂದು ಪಂಕ್ತಿಯನ್ನು ಕಲಘಟಗಿ ತಾಲ್ಲೂಕಿನ ತಂಬೂರದಲ್ಲಿ ಕೂಡಿಸಿದರೆಂದು ಭಾವಿಸೋಣ. ಧಾರವಾಡದ ಸೀಮೆ ಜೋಳದ್ದೆಂದು ಹೆಸರಾದರೂ ಕಲಘಟಗಿ ಮಲೆನಾಡಿನ ಸೆರಗು. ಭತ್ತ ಬೆಳೆಯುವ ನೆಲ. ಅಲ್ಲಿಯ ಕೇಳುಗರಿಗೆ ಬುತ್ತಿಯ ಮಾತೆತ್ತಿದರೆ ಅರ್ಧ ಪಾಠ ಮುಗಿದಂತೆ. ಸೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಅನ್ನಕ್ಕೆ ಮೊಸರನ್ನೋ ಹುಣಿಸೆಯನ್ನೋ ಕಲಸುವುದು ರುಚಿಗೆ ಮಾತ್ರವಲ್ಲ, ಬಿಸಿಲಿನಲ್ಲಿ ಹಳಸದಿರಲೆಂದು ಕೂಡ. ಬಿವಾ ಸರೋವರದ ಬೆಸ್ತನ ಬುದ್ಧಿಯೂ ಬುತ್ತಿ ಕಟ್ಟುವ ತಾಯಿಯ ಬುದ್ಧಿಯೂ ಒಂದೇ. ಮೀನು ಮುಟ್ಟದ ಮನೆತನಗಳು ಈ ಸೀಮೆಯಲ್ಲಿ ಬಹಳ. ಅವರಿಗೂ ಅಲ್ಲಿ ಎಡೆಯುಂಟು. ಸೌತೆಕಾಯಿಯನ್ನು ಅನ್ನದಲ್ಲಿಟ್ಟು ಸುತ್ತಿದ ಸುಶಿ, ಹುರಿದ ಸೋಯಾ ಗಿಣ್ಣಿನ ಚೀಲದಲ್ಲಿ ಅನ್ನ ತುಂಬಿದ ಸುಶಿ, ಒಣಗಿಸಿದ ಸೋರೆಯ ಪಟ್ಟಿಗಳನ್ನು ಸಿಹಿಯುಪ್ಪಿನಲ್ಲಿ ಬೇಯಿಸಿ ಸುತ್ತಿದ ಸುಶಿ, ಇವೆಲ್ಲ ಹಳೆಯ ಸಂಪ್ರದಾಯದವೇ. ಇನ್ನೊಂದು ಮಾತು ಕೇಳಿದರೆ ಬೆರಗಾದೀತು. ಸುಶಿಯ ಬಾಣಸಿಗರು ತಮ್ಮ ಅನ್ನವನ್ನು ‘ಶಾರಿ’ ಎನ್ನುತ್ತಾರೆ. ಅದು ನಮ್ಮ ‘ಶರೀರ’ ಶಬ್ದವೇ. ಬುದ್ಧನ ಪವಿತ್ರ ಅಸ್ಥಿಯವಶೇಷಗಳನ್ನು ಸೂಚಿಸುವ ಆ ಸಂಸ್ಕೃತ ಪದವು ಬೌದ್ಧಧರ್ಮದೊಡನೆ ಚೀನವನ್ನು ಹಾದು ಜಪಾನಿಗೆ ಹೋಗಿ, ಬೆಳ್ಳಗಿನ ಅಕ್ಕಿಯ ಕಾಳಿಗೆ ಹೆಸರಾಯಿತು. ಅಪರಿಚಿತವೆಂದು ತಳ್ಳಿದ ಅನ್ನವು ನೆಂಟನಂತೆ ಮಾತನಾಡಿದ ಹಾಗಾಯಿತು.

ಅಪರಿಚಿತ ಆಹಾರವನ್ನು ಹೊಸಬರಿಗೆ ಒಪ್ಪಿಸಲು ಎರಡು ದಾರಿಗಳುಂಟು. ಒಂದು, ವಿಚಿತ್ರವಾದುದನ್ನು ಮರೆಮಾಡುವುದು. 1960ರ ದಶಕದಿಂದೀಚೆಗೆ ಅಮೆರಿಕದಲ್ಲಿ ಸುಶಿ ಹಬ್ಬಿದಾಗ ನಡೆದುದು ಇದೇ. ಕಪ್ಪನೆಯ ಕಡಲಪಾಚಿಯ ಹಾಳೆಯನ್ನು ಕಂಡು ಗಿರಾಕಿಗಳು ಹಿಂಜರಿದರೆಂದು ಅದನ್ನು ಒಳಗೆ ಮಾಡಿ ಅನ್ನವನ್ನು ಹೊರಗೆ ತಂದರು; ಕೊಬ್ಬಿದ ಮೀನಿನ ಬದಲು ಬೆಣ್ಣೆಹಣ್ಣನ್ನಿಟ್ಟರು. ‘ಕ್ಯಾಲಿಫೋರ್ನಿಯಾ ರೋಲ್’ ಲೋಕಪ್ರಸಿದ್ಧವಾಯಿತು. ಇದನ್ನು ಹಳಿಯಬೇಕಾಗಿಲ್ಲ, ಎಷ್ಟೋ ಜನರಿಗೆ ಅದು ಮೊದಲ ಮೆಟ್ಟಿಲಾಯಿತು. ಆದರೆ ಅಲ್ಲಿ ಬದಲಾದುದು ತಿನಿಸು, ತಿನ್ನುವವನಲ್ಲ. ವಿವರಣೆಯ ಊಟ ಎರಡನೆಯ ದಾರಿಯನ್ನು ಹಿಡಿಯುತ್ತದೆ. ತಿನಿಸನ್ನು ಇದ್ದಂತೆಯೇ ಇಟ್ಟು, ತಿನ್ನುವವನನ್ನು ಅದರ ಬಳಿಗೆ ಕರೆದೊಯ್ಯುತ್ತದೆ. ಇದು ನಿಧಾನದ ದಾರಿ. ಹತ್ತು ಜನಕ್ಕಿಂತ ಹೆಚ್ಚು ಮಂದಿಯನ್ನು ಒಮ್ಮೆಗೆ ಒಯ್ಯಲಾರದು. ಆದರೂ ಆ ಹತ್ತು ಜನ ಮನೆಗೆ ಮರಳುವಾಗ ಒಂದು ನಾಡನ್ನು ಕಂಡು ಬಂದಿರುತ್ತಾರೆ.

ಈ ವಿಚಾರ ನಮ್ಮ ಅಡುಗೆಮನೆಗೂ ಸಂಬಂಧಿಸಿದುದು. ನಮ್ಮ ಖಡಕ್ ರೊಟ್ಟಿ ದೂರದ ಊರಿನವರ ತಾಟಿಗೆ ಬಿದ್ದಾಗ, ಇದೇಕೆ ಇಷ್ಟು ಗಟ್ಟಿ ಎಂದು ಅವರು ಕೇಳುತ್ತಾರೆ. ಗಟ್ಟಿಯಾದುದರಿಂದಲೇ ಅದು ವಾರಗಟ್ಟಲೆ ಕೆಡದೆ ಉಳಿಯುತ್ತದೆ, ಹಬ್ಬಕ್ಕೂ ಜಾತ್ರೆಗೂ ಮೊದಲೇ ಬಡಿದಿಡಲು ಒದಗುತ್ತದೆ ಎಂದು ಹೇಳುವವರು ಪಕ್ಕದಲ್ಲಿರುವುದಿಲ್ಲ. ಆಗ ನಾವೂ ಮೊದಲ ದಾರಿಗೆ ಇಳಿಯುತ್ತೇವೆ: ಎಣಗಾಯಿಯ ಖಾರ ಇಳಿಸುತ್ತೇವೆ, ಗುರೆಳ್ಳಿನ ಚಟ್ನಿಯನ್ನು ಮೂಲೆಗೆ ಸರಿಸುತ್ತೇವೆ. ಆದರೆ ಎರಡನೆಯ ದಾರಿಯನ್ನು ಬಲ್ಲವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹೊಸಬ ಅತಿಥಿಯ ಎದುರಿಗೆ ಕುಳಿತು, ‘ರೊಟ್ಟಿ ಮುರಕೊಳ್ರಿ, ಚಟ್ನಿ ಮ್ಯಾಲೆ ಎಣ್ಣಿ ಬಿಟ್ಕೊಳ್ರಿ, ಖಾರ ಆದ್ರ ಮೊಸರ ಐತಿ’ ಎಂದು ಬಡಿಸುವ ಹಿರಿಯಳಿಗೆ ಒಮಾಕಾಸೆ ಎಂಬ ಶಬ್ದ ಗೊತ್ತಿಲ್ಲದಿರಬಹುದು. ಟೋಕಿಯೊದ ಬಾಣಸಿಗ ಹಲಗೆಯಾಚೆ ನಿಂತು ಮಾಡುವ ಕೆಲಸವನ್ನೇ ಅವಳು ಒಲೆಯ ಪಕ್ಕ ಕುಳಿತು ಮಾಡುತ್ತಿದ್ದಾಳೆ. ಆ ಮಾತುಗಳನ್ನು ಕೇಳಿ ಕಲಿತವರು ಮುಂದಿನ ಪಂಕ್ತಿಯಲ್ಲಿ ಬಡಿಸಲು ನಿಂತರೆ, ನಮ್ಮ ರೊಟ್ಟಿಯ ಖಡಕ್ಕುತನವನ್ನು ಯಾರಿಗೂ ಮರೆಮಾಡಬೇಕಾಗುವುದಿಲ್ಲ.