499 ಕಪ್ಪೆಗಳ ಠೇವಣಿ

ಮಕ್ಕಳೇ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಬೇಕಾದಷ್ಟು ಠೇವಣಿ ಕಂಡಿದ್ದೇನೆ. ಕಪ್ಪೆಗಳ ಠೇವಣಿಯ ಕಥೆ ಮಾತ್ರ ನಿವೃತ್ತಿಯ ನಂತರ ಓದಿ ತಿಳಿದದ್ದು.

ಆಫ್ರಿಕಾದ ಟಾಂಜಾನಿಯಾ ದೇಶದಲ್ಲಿ ಕಿಹಾನ್ಸಿ ಎಂಬ ಜಲಪಾತವಿದೆ. ಅದರ ತುಂತುರು ಬೀಳುವ ಪುಟ್ಟ ಜಾಗದಲ್ಲಷ್ಟೇ ಹಳದಿ ಬಣ್ಣದ ಒಂದು ನೆಲಗಪ್ಪೆ ಇತ್ತು. ಉದ್ದ 3 ಸೆಂಟಿಮೀಟರ್‌ಗೂ ಕಡಿಮೆ. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ! ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1996ರಲ್ಲಿ. ಆ ಹೊತ್ತಿಗೆ ವಿದ್ಯುತ್ತಿಗಾಗಿ ಅಲ್ಲಿ ಅಣೆಕಟ್ಟು ಏಳುತ್ತಿತ್ತು. ನೀರು ಬೇರೆಡೆ ತಿರುಗಿತು, ತುಂತುರು ಬಹುಪಾಲು ನಿಂತಿತು.

2000ದಲ್ಲಿ 499 ಕಪ್ಪೆಗಳನ್ನು ಅಮೆರಿಕದ ಬ್ರಾಂಕ್ಸ್ ಮೃಗಾಲಯಕ್ಕೆ ಒಯ್ದರು. ಮೊದಮೊದಲು ಬಹಳಷ್ಟು ಸತ್ತವು. ಸಾಕುವವರು ಕೈಬಿಡಲಿಲ್ಲ. ತುಂತುರು, ಬೆಳಕು, ಸಣ್ಣ ಹುಳುಗಳನ್ನು ಒದಗಿಸಿ ಸಂಖ್ಯೆ ಹೆಚ್ಚಿಸಿದರು. ಟೊಲಿಡೊ ಮೃಗಾಲಯವೂ ಜೊತೆಗೂಡಿತು. ಅತ್ತ ಕಣಿವೆಯಲ್ಲಿ ಉಳಿದವುಗಳಿಗೆ ಶಿಲೀಂಧ್ರ ರೋಗವೂ ತಗಲಿತು. 2009ರಲ್ಲಿ, ಕಾಡಿನಲ್ಲಿ ಈ ಕಪ್ಪೆ ಅಳಿದಿದೆ ಎಂದು ಘೋಷಿಸಲಾಯಿತು.

2012ರಲ್ಲಿ ಸುಮಾರು 2,000 ಕಪ್ಪೆಗಳು ತವರಿಗೆ ಮರಳಿದವು. ಅಲ್ಲಿ ಈಗ ತುಂತುರು ಚಿಮ್ಮಿಸುವುದು ಕೊಳವೆಗಳು.

ಅಸಲು ಕಾಪಾಡಿದ್ದು ಮೃಗಾಲಯ, ನಿಜ. ಆದರೆ ತವರೇ ಒಣಗಿದರೆ ಠೇವಣಿ ಹಿಂದಿರುಗಿಸುವುದು ಎಲ್ಲಿಗೆ, ಹೇಳಿ?